ಕ್ಯಾನಲೆಟೊ ಚಿತ್ರ ಫೋಟೊ ಅಲ್ಲ

ಮಾನ್ಯ ಸಂಪಾದಕರೇ,

ಇಟಲಿಯ ಚಿತ್ರಕಾರ ಕ್ಯಾನಲೆಟೊ ಬರೆದ ವೆನಿಸ್ ಬಂದರಿನ ತೈಲಚಿತ್ರ (ಸುಮಾರು 1738, ಈಗ ಬಾಸ್ಟನ್ ಮ್ಯೂಸಿಯಂನಲ್ಲಿದೆ) ಕ್ಯಾಮೆರಾ ಅಬ್‌ಸ್ಕ್ಯೂರಾದಿಂದ (ಹೊರಗಿನ ನೋಟವನ್ನು ಮಸೂರದ ಮೂಲಕ ಹಾಳೆಯ ಮೇಲೆ ಮೂಡಿಸುವ ಕತ್ತಲೆ ಪೆಟ್ಟಿಗೆ) ಇಡಿಯಾಗಿ ನಕಲಿಳಿಸಿದ್ದು ಎಂದು ಪುರವಣಿಯ ಲೇಖನ ಹೇಳುತ್ತದೆ. ಅದು ಆಗದ ಮಾತು. ಆ ಪೆಟ್ಟಿಗೆಯ ಮಸೂರ ಒಮ್ಮೆಗೆ ಹಿಡಿಯುವುದು ಕಿರಿದಾದ ನೋಟ. ಅಂಚಿನ ಗೆರೆಗಳು ಬಾಗುತ್ತವೆ. ಎರಡು ಮೀಟರ್ ಅಗಲದ ಈ ಕ್ಯಾನ್ವಾಸಿನಲ್ಲಿರುವಷ್ಟು ನೀರು, ದಂಡೆ, ಚರ್ಚು, ಹಡಗು ಒಂದೇ ಕಡೆ ನಿಂತವರ ಕಣ್ಣಿಗೆ ಒಟ್ಟಿಗೆ ಸಿಗುವುದಿಲ್ಲ. ತುಂಡು ತುಂಡಾಗಿ ಗೀಚಿಕೊಂಡದ್ದನ್ನು ಸ್ಟುಡಿಯೊದಲ್ಲಿ ಜೋಡಿಸಿ, ಅಂತರ ಹಿಗ್ಗಿಸಿ ಕುಗ್ಗಿಸಿ ಕಟ್ಟಿದ ಚಿತ್ರವಿದು. ಅವನ ಅಂಥದೊಂದು ಸ್ಕೆಚ್ ಪುಸ್ತಕ ವೆನಿಸ್‌ನ ಅಕಾಡೆಮಿಯಾ ಗ್ಯಾಲರಿಯಲ್ಲಿದೆ.

ಹಾಗೆಂದು ಎಲ್ಲವೂ ಕಲ್ಪನೆಯಲ್ಲ. ಸ್ಯಾನ್ ಜಾರ್ಜೊ ಮಾಜೊರೆ ಚರ್ಚಿನ ಗಂಟೆಗೋಪುರ ನೋಡಿ: ತುದಿ ಈರುಳ್ಳಿಯಾಕಾರ. ಆ ಗೋಪುರ 1774ರಲ್ಲಿ ಕುಸಿಯಿತು. ಈಗ ಪ್ರವಾಸಿಗರು ಕಾಣುವ ಚೂಪು ತುದಿಯದು 1791ರದು. ಹಳೆಯ ವೆನಿಸ್ ಚಿತ್ರಗಳ ಕಾಲ ಗುರುತಿಸಲು ಇದು ಸುಲಭದ ಸುಳಿವು. ಕಾಲುವೆ ದಂಡೆಯ ಕಟ್ಟಡಗಳ ಬುಡದಲ್ಲಿ ನೀರು ಏರುವ ಮಟ್ಟ ತೋರಿಸುವ ಪಾಚಿಗೆರೆಯನ್ನಂತೂ ಕ್ಯಾನಲೆಟೊ ಮತ್ತು ಸೋದರಳಿಯ ಬೆಲೊಟ್ಟೊ ಎಷ್ಟು ನಿಖರವಾಗಿ ಬರೆದರೆಂದರೆ, ಇಟಲಿಯ ವಿಜ್ಞಾನಿಗಳು ಅದನ್ನು ಇಂದಿನ ಗೆರೆಗೆ ಹೋಲಿಸಿ, ನೀರು ಸುಮಾರು 60 ಸೆಂ.ಮೀ. ಏರಿದೆ ಎಂದು ಲೆಕ್ಕ ಹಾಕಿದ್ದಾರೆ.

ಇನ್ನೊಂದು ಮಾತು. ಮೂಲ ಚಿತ್ರದ ಅಗಲ–ಎತ್ತರ ಹೆಚ್ಚುಕಡಿಮೆ 5:3. ಪುರವಣಿಯಲ್ಲಿ ಅಂಕಣಕ್ಕೆ ಹೊಂದಿಸಲು ಅದರ ಎರಡೂ ಬದಿ ಕತ್ತರಿಸಿದ್ದರಿಂದ ಆ ಹರಹೇ ಮಾಯವಾಗಿದೆ. ಚಿಕ್ಕದಾದರೂ ಚಿಂತೆಯಿಲ್ಲ, ಮುಂದೆ ಪೂರ್ತಿ ಅಚ್ಚು ಹಾಕಿ.

– ಇಬ್ಬರು ಚಿತ್ರಕಲಾ ಶಿಕ್ಷಕರು, ಧಾರವಾಡ