ಪೊರೆ ತೆಗೆಸುವ ಮುಂಚೆ ಮಗಳಿಗೊಂದು ಪತ್ರ

ಚಿತ್ರದುರ್ಗ

ಮಗಳೇ,

ಸೋಮವಾರ ಆಪರೇಷನ್. ಮೊದಲು ಬಲಗಣ್ಣು. ಉಳಿದದ್ದನ್ನು ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಮೊನ್ನೆ ಗದರಿ ಫೋನಿಟ್ಟೆ ಅಂತ ಬೇಜಾರಾಗಿದ್ದರೆ ಬಿಟ್ಟುಬಿಡು. ನಾನು ಬರೆದ ಜೋಗಿಮಟ್ಟಿ ಬೆಟ್ಟದ ಚಿತ್ರ ನೋಡಿ "ಜೋಗಿಮಟ್ಟಿ ಆಕಾಶ ಯಾಕಪ್ಪಾ ಹಿಂಗೆ ಮಣ್ಣುಬಣ್ಣ?" ಅಂದರೆ ಚಿತ್ರ ಬರೆಯುವವನಿಗೆ ಸಿಟ್ಟು ಬರದೆ ಇರುತ್ತಾ? ಆದರೂ ಅಷ್ಟು ಜನ ನೋಡಿದ್ದರಲ್ಲಿ ಹೇಳಿದವಳು ನೀನೊಬ್ಬಳೇ. ಕಣ್ಣು ಪಳಗಿದೆ ನಿನಗೆ.

ಜೋಗಿಮಟ್ಟಿ ಹೋಗಲಿ, ನನಗೆ ನಿದ್ದೆ ಕೆಡಿಸಿರೋದು ನಿನ್ನ ರೂಮಿನ ಗೋಡೆ ಮೇಲಿರುವ ಮಾರಿಕಣಿವೆ ಅಣೆಕಟ್ಟಿನ ಚಿತ್ರ. 1933ರ ನಂತರ ಆ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ. ನಮ್ಮಪ್ಪ ಕಾದು ಕಾದು ನೋಡದೇ ಹೋದ ನೀರು. ಜಾತ್ರೆಯಂಥ ಜನದ ನಡುವೆ ಬೋರ್ಡು ತೊಡೆ ಮೇಲಿಟ್ಟುಕೊಂಡು ಬರೆದೆ. ತುಂತುರು ಬಿದ್ದಲ್ಲಿ ವಾಶ್, ಅಂದರೆ ತೆಳ್ಳಗೆ ಬಳಿದ ನೀರುಬಣ್ಣ, ಒಡೆದು ಬೆಳ್ಳನೆ ಚುಕ್ಕೆಗಳಾದವು, ಹಾಗೇ ಬಿಟ್ಟೆ. ನೀರಿಗೆ ಯೆಲ್ಲೋ ಆಕರ್ ಅನ್ನೋ ಮಣ್ಣುಹಳದಿ ಬಣ್ಣ ಹಾಕಿದ್ದೇನೆ. ಮಳೆಗಾಲದ ನೀರು, ಕೆಂಚಗೇ ಇತ್ತು, ಬೇಕಾದರೆ ಆಣೆ ಮಾಡುತ್ತೇನೆ. ಆದರೆ ಹಿಂದಿನ ಗುಡ್ಡಗಳಿಗೂ ಅದೇ ಆಕರ್ ಇದೆಯಲ್ಲ? ಅಷ್ಟು ಮಳೆ ಬಿದ್ದ ಸೆಪ್ಟೆಂಬರಿನಲ್ಲಿ ಹತ್ತಿರದ ಗುಡ್ಡ ಹಸಿರು, ದೂರದ್ದು ನೀಲಿ ಇರಬೇಕಲ್ಲ? ದೂರದ ಗುಡ್ಡಕ್ಕೆ ನೀಲಿ ಹಾಕು ಅಂತ ಚಿಕ್ಕಂದಿನಲ್ಲಿ ನಿನಗೆ ಹೇಳಿಕೊಟ್ಟವನು ನಾನೇ. ಆ ದಿನ ನಾನು ನೋಡಿದ್ದು ಗುಡ್ಡವನ್ನೋ, ನನ್ನ ಪೊರೆಯನ್ನೋ?

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದಂತೆ, ಮೊದಲು ತಡೆಯೋದೇ ನೀಲಿಯನ್ನಂತೆ. ನಿಧಾನಕ್ಕೆ ಆಗುವುದರಿಂದ ಮನಸ್ಸು ಅದಕ್ಕೇ ಒಗ್ಗಿಕೊಂಡುಬಿಡುತ್ತದೆ ಅಂದರು ಡಾಕ್ಟರು. ಫ್ರಾನ್ಸಿನ ಚಿತ್ರಕಾರ ಮೋನೆ 1923ರಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡ. ಆಮೇಲೆ ತನ್ನವೇ ಚಿತ್ರಗಳನ್ನು ಕೆಲವು ತಿದ್ದಿದ, ಕೆಲವನ್ನು ಹಾಳುಮಾಡಿದ. ನನಗೆ ಸೂಜಿ, ಕತ್ತರಿ ಯಾವುದರ ಹೆದರಿಕೆಯೂ ಇಲ್ಲ. ಆಮೇಲೆ ನಿನ್ನ ರೂಮಿಗೆ ಬಂದು ಆ ಗೋಡೆ ನೋಡಬೇಕಲ್ಲ, ಹೆದರಿಕೆ ಅದಕ್ಕೆ. ನಾನು ಕೇಳಿದರೂ ಆ ಚಿತ್ರ ನನ್ನ ಕೈಗೆ ಕೊಡಬೇಡ.

ನಿನಗೊಂದು ಮಾತು. ಸ್ಕ್ರೀನಿನ ಮೇಲೆ ನೀನು ಬರೆಯುವ ಕಾಡು, ಬೆಟ್ಟ ಸುಳ್ಳು ಅಂತ ನಾನು ಹೇಳೋದಿಲ್ಲ. ಕಾರ್ಟೂನಿನ ಕೊನೆಯಲ್ಲಿ ನಿನ್ನ ಹೆಸರು ಬಂದಾಗ ಬೀದಿಯವರನ್ನೆಲ್ಲ ಕರೆದು ತೋರಿಸಿದವನು ನಾನು. ಆದರೆ ವಾರಕ್ಕೊಮ್ಮೆಯಾದರೂ ಹೊರಗೆ ಕೂತು ಬರಿ. ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು ಹೂಬಿಟ್ಟ ಮರಗಳನ್ನು ಹುಡುಕಿಕೊಂಡು ಹೋಗಿ ಬರೆದದ್ದು ನೀನಿರುವ ಬೆಂಗಳೂರಿನಲ್ಲೇ. ಬಂಡೆ ಅಂದರೆ ಬೂದುಬಣ್ಣ ಅಂತ ಕಂಪ್ಯೂಟರಿಗೆ ಹೇಳಿಬಿಟ್ಟರೆ ಮುಗಿಯಿತು. ನಮ್ಮ ಕೋಟೆ ಬಂಡೆಗೆ ಬೆಳಗ್ಗೆ ಒಂದು ಬಣ್ಣ, ಬಿಸಿಲೇರಿದರೆ ಇನ್ನೊಂದು, ನೆರಳಲ್ಲಿ ನೇರಳೆ. ಕೂತೇ ನೋಡಬೇಕು. ಟೋಪಿ ಹಾಕ್ಕೋ, ನೀರು ಕುಡಿ, ರಾತ್ರಿ ಎರಡರವರೆಗೆ ಸ್ಕ್ರೀನ್ ನೋಡಬೇಡ. ನೋಡು, ಮತ್ತೆ ಮೇಷ್ಟ್ರಾಗಿಬಿಟ್ಟೆ.

ಆಪರೇಷನ್ನಿಗೆ ರಜೆ ಹಾಕಬೇಡ, ಆಮೇಲಿನ ಭಾನುವಾರ ಬಾ. ಬರುವಾಗ ಸೆರೂಲಿಯನ್ ಬ್ಲೂ ಒಂದು ಟ್ಯೂಬ್ ತಾ, ಚಿಕ್ಕದು ಸಾಕು. ನನ್ನ ಹತ್ತಿರ ಇರೋದು ಬಳಸದೆ ಬಳಸದೆ ಒಳಗೇ ಗಟ್ಟಿಯಾಗಿದೆ.

ನಿನ್ನ ಅಪ್ಪ