ಭಾನುವಾರದ ಅಧ್ಯಯನ: ಸಮಯ ಬದಲಾಗಿದೆ

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ಈ ಭಾನುವಾರ ಯುವಜನರ ಸತ್ಯವೇದ ಅಧ್ಯಯನ ಸಂಜೆ 5ಕ್ಕೆ ಇರುವುದಿಲ್ಲ. ಬೆಳಿಗ್ಗೆ ಆರಾಧನೆ ಮುಗಿದ ಮೇಲೆ 11 ಗಂಟೆಗೆ, ಸಂಡೇ ಸ್ಕೂಲ್ ಕೋಣೆಯಲ್ಲೇ. ಪಿಯುಸಿ, ಕಾಲೇಜಿನವರೆಲ್ಲ ತಪ್ಪದೆ ಬನ್ನಿ. ತಂದೆ ತಾಯಂದಿರೂ ಬರಬಹುದು.

ಹೋದ ವಾರ ಒಬ್ಬರು ಕೇಳಿದ್ದರು: "ಕಾಲೇಜಿನಲ್ಲಿ ಪುರಾವೆ ಕೇಳುತ್ತಾರೆ, ಇಲ್ಲಿ ನಂಬು ಅನ್ನುತ್ತೀರಿ. ಯಾವುದು ಸರಿ?" ತುಂಬಾ ಒಳ್ಳೆಯ ಪ್ರಶ್ನೆ. ಅವಸರದ ಉತ್ತರ ಬೇಡ ಅಂತ ಇಡೀ ತರಗತಿಯನ್ನೇ ಅದಕ್ಕೆ ಇಟ್ಟಿದ್ದೇವೆ.

ಬರುವ ಮುಂಚೆ ಜ್ಞಾನೋಕ್ತಿಗಳು 1:7 ಮತ್ತು ರೋಮಾಪುರದವರಿಗೆ 1:20 ಓದಿ. ಮೊದಲನೆಯದು ದೇವರ ಭಯವೇ ತಿಳುವಳಿಕೆಗೆ ಮೂಲ ಅನ್ನುತ್ತದೆ. ಎರಡನೆಯದು ಸೃಷ್ಟಿಯನ್ನು ನೋಡಿಯೂ ದೇವರನ್ನು ತಿಳಿಯಬಹುದು ಅನ್ನುತ್ತದೆ. ಎರಡನ್ನೂ ಜೊತೆಗಿಟ್ಟು ಯೋಚಿಸಿ.

ಹಳೆಯ ಕಾಲದ ಕ್ರೈಸ್ತ ಬೋಧಕ ಸಂತ ಅಗಸ್ಟೀನರ ಒಂದು ಮಾತು ನನಗೆ ಬಹಳ ಹಿಡಿಸಿದೆ. ತನ್ನ ತಂದೆ ತಾಯಿ ಯಾರು ಅನ್ನುವುದೂ ಬೇರೆಯವರ ಮಾತು ನಂಬಿದ್ದರಿಂದಲೇ ತನಗೆ ಗೊತ್ತಾಯಿತು ಅನ್ನುತ್ತಾರೆ. ಅವರು 387ರಲ್ಲಿ ದೀಕ್ಷಾಸ್ನಾನ ಪಡೆದವರು, ಅದಕ್ಕೂ ಮುಂಚೆ ವರ್ಷಗಟ್ಟಲೆ ಅನುಮಾನಪಟ್ಟವರು. ನಮ್ಮ ಕತೆಯೂ ಅದೇ ಅಲ್ವಾ? ಹಾಗಂತ ಸುಮ್ನೆ ಕಣ್ಣು ಮುಚ್ಚಿ ನಂಬುವುದಲ್ಲ. 11ನೇ ಶತಮಾನದ ಕ್ರೈಸ್ತ ಚಿಂತಕ ಆನ್ಸೆಲ್ಮ್ ಹೇಳಿದ್ದು, ನಂಬಿಕೆಯೇ ತಿಳುವಳಿಕೆಯನ್ನು ಹುಡುಕುತ್ತದೆ ಅಂತ. ಇದರ ಮೇಲೇ ಜಾಸ್ತಿ ಹೊತ್ತು ಮಾತಾಡೋಣ.

ಸತ್ಯವೇದ, ನೋಟ್‌ಬುಕ್ ತನ್ನಿ. ನಿಮ್ಮ ಅನುಮಾನ ಒಂದನ್ನು ಚೀಟಿಯಲ್ಲಿ ಬರೆದು ತನ್ನಿ, ಹೆಸರು ಬೇಡ. ಊಟ ಇದೆ, ಹಾಗಾಗಿ ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಗುಂಪಿನಲ್ಲಿ ಇಲ್ಲದವರಿಗೆ ದಯವಿಟ್ಟು ಫೋನ್ ಮಾಡಿ ಹೇಳಿ.