‘ಒಂದು ಖರೀದಿ, ಒಂದು ಗಿಡ’ ಮುದ್ರೆಯನ್ನು ಕೈಬಿಡುತ್ತಿರುವ ಕುರಿತು

ಮಾನ್ಯ ಗ್ರಾಹಕರೇ,

ಸಾಗರ, ಸೊರಬ, ಹೊಸನಗರ ಸೀಮೆಯಿಂದ ನಮ್ಮ ಸಹಕಾರ ಸಂಘವು ನಿಮಗೆ ತಲುಪಿಸುವ ಜೇನುತುಪ್ಪ, ಮುರುಗಲು ಸಿಪ್ಪೆ ಹಾಗೂ ಅಪ್ಪೆಮಿಡಿ ಉಪ್ಪಿನಕಾಯಿಯ ಪೊಟ್ಟಣಗಳ ಮೇಲೆ ಇನ್ನು ಮುಂದೆ ‘ಒಂದು ಖರೀದಿ, ಒಂದು ಗಿಡ’ ಎಂಬ ಮುದ್ರೆ ಇರುವುದಿಲ್ಲ. ಬೆಲೆ ಮೊದಲಿನಷ್ಟೇ ಇರುತ್ತದೆ, ಗಿಡ ನೆಡುವ ಬಾಬ್ತಿಗೆಂದು ತೆಗೆದಿರಿಸುತ್ತಿದ್ದ ಹಣವೂ ಅಷ್ಟೇ ಇರುತ್ತದೆ. ಅದನ್ನು ವಿನಿಯೋಗಿಸುವ ಮತ್ತು ಅದರ ಫಲವನ್ನು ಅಳೆಯುವ ಕ್ರಮ ಬದಲಾಗುತ್ತಿದೆ.

ನೆಟ್ಟ ಗಿಡಗಳ ಸಂಖ್ಯೆಯನ್ನೇ ಅಳತೆಗೋಲಾಗಿ ಹಿಡಿದರೆ ಅಕೇಶಿಯಾ ನೆಡುತೋಪಿಗೂ ರಾಮಪತ್ರೆ, ಧೂಪ, ಹೆಬ್ಬಲಸುಗಳಂಥ ನಾಡಮರಗಳ ಕಾನಿಗೂ (ಸಹಜ ಕಾಡಿಗೂ) ಭೇದವೇ ಉಳಿಯುವುದಿಲ್ಲ. ಆಸ್ಟ್ರೇಲಿಯಾ ಕಡೆಯಿಂದ ಬಂದ ಅಕೇಶಿಯಾ ಬೇಗ ಬೆಳೆಯುವುದರಿಂದ ಇಂಗಾಲದ ಲೆಕ್ಕದಲ್ಲಿ ಮುಂದೆಯೇ ನಿಲ್ಲುತ್ತದೆ. ಆದರೆ ಕಟಾವಾಗಿ ಸೌದೆಯೋ ಕಾಗದವೋ ಆದ ಬಳಿಕ ಅದು ಹಿಡಿದಿಟ್ಟ ಇಂಗಾಲದ ಬಹುಪಾಲು ಮರಳಿ ಗಾಳಿಗೇ ಸೇರುತ್ತದೆ. ಹವಾಮಾನ ಬದಲಾವಣೆಯಂಥ ಸಮಸ್ಯೆಗಳಿಗೆ ಕಾಡು, ಮಣ್ಣು, ನೀರುಗಳ ಮೂಲಕವೇ ಉತ್ತರ ಹುಡುಕುವ ‘ನಿಸರ್ಗಾಧಾರಿತ ಪರಿಹಾರ’ ಎಂಬ ಹೆಸರು ಎರಡಕ್ಕೂ ಸಲೀಸಾಗಿ ಅಂಟಿಕೊಳ್ಳುತ್ತದೆ ಎಂಬುದೇ ನಮಗಿರುವ ತಕರಾರು.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2020ರಲ್ಲಿ ಇಂಥ ಕೆಲಸಗಳ ಪರೀಕ್ಷೆಗೆಂದು 8 ಮಾನದಂಡ ಮತ್ತು 28 ಸೂಚಕಗಳನ್ನು ಪ್ರಕಟಿಸಿದ್ದು, ಅವುಗಳಲ್ಲಿ ಜೀವವೈವಿಧ್ಯಕ್ಕೆ ಆಗುವ ಲಾಭ, ಸ್ಥಳೀಯರ ಪಾಲ್ಗೊಳ್ಳುವಿಕೆ, ಲಾಭ-ನಷ್ಟಗಳ ಸಮತೋಲನ ಇವೆಲ್ಲ ಸೇರಿವೆ. ಸಣ್ಣ ಸಂಘವೊಂದು 28 ಸೂಚಕಗಳ ಕಡತ ತುಂಬುತ್ತ ಕೂರುವುದು ಆಗದ ಮಾತು. ಆದ್ದರಿಂದ ಸದಸ್ಯರ ಸೊಪ್ಪಿನಬೆಟ್ಟಗಳಲ್ಲಿ (ತೋಟ, ಕೊಟ್ಟಿಗೆಗೆ ಸೊಪ್ಪು ತರುವ ಕಾಡುಗಳಲ್ಲಿ) ಕಣ್ಣಿಗೆ ಕಾಣುವಂಥದ್ದನ್ನೇ ಆಯ್ದುಕೊಂಡಿದ್ದೇವೆ: ಮೂರನೆಯ ಬೇಸಿಗೆ ದಾಟಿ ಉಳಿದ ಸಸಿಗಳು, ಉಪ್ಪಾಗೆ ಮರದಡಿ ತಾನಾಗಿ ಹುಟ್ಟಿದ ಮೊಳಕೆಗಳು, ಏಪ್ರಿಲ್‌ನಲ್ಲಿ ಬೆಟ್ಟದ ಬುಡದ ಹಳ್ಳದಲ್ಲಿರುವ ನೀರು. ಹಣವು ಇಂಗುಗುಂಡಿ, ಕಾಳ್ಗಿಚ್ಚು ಹರಡದಂತೆ ಸವರುವ ಬೆಂಕಿರೇಖೆ ಮತ್ತು ಸರದಿಯಂತೆ ಸೊಪ್ಪು ಕಡಿಯುವ ವ್ಯವಸ್ಥೆಗೆ ಹೋಗುತ್ತದೆ.

ಬೇಲಿ ಹಾಕಿ ಜನರನ್ನು ಹೊರಗಿಟ್ಟ ಬೆಟ್ಟ ಫೋಟೋದಲ್ಲಿ ಬಲು ಹಸಿರಾಗಿ ಕಾಣುತ್ತದೆ, ನಿಜ. ಆದರೆ ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರುವ ಹೆಂಗಸರು ಆಗ ಇನ್ನೆಷ್ಟು ದೂರ ನಡೆಯಬೇಕಾಗುತ್ತದೆ ಎಂಬುದೂ ಮೌಲ್ಯಮಾಪನದ ಭಾಗವೇ ಆಗಬೇಕೆಂದು, ಯಾವುದೇ ಬೆಟ್ಟವನ್ನು ಆಯ್ಕೆ ಮಾಡುವ ಮುನ್ನ ಅವರನ್ನು ಕೇಳುವುದನ್ನು ಕಡ್ಡಾಯಗೊಳಿಸಿದ್ದೇವೆ.

ಇನ್ನು, ಸಿಪ್ಪೆ ಒಣಗಿಸುವ ಡ್ರೈಯರ್‌ನ ಸೌದೆಯಿಂದಾಗಲೀ ಲಾರಿಯ ಡೀಸೆಲ್‌ನಿಂದಾಗಲೀ ಹೊರಬೀಳುವ ಇಂಗಾಲವನ್ನು ಈ ಬೆಟ್ಟಗಳ ಲೆಕ್ಕದಲ್ಲಿ ವಜಾ ಮಾಡುವುದಿಲ್ಲ. ಇಂಥ ಕ್ರಮಗಳು ಹೊರಸೂಸುವಿಕೆಯ ಕಡಿತಕ್ಕೆ ಬದಲಿಯಲ್ಲವೆಂದು ವಿಶ್ವಸಂಸ್ಥೆಯ ಪರಿಸರ ಸಭೆಯೂ 2022ರ ನಿರ್ಣಯದಲ್ಲಿ ಹೇಳಿದೆ. ಸೌದೆ, ಡೀಸೆಲ್‌ಗಳ ಲೆಕ್ಕ ಪ್ರತ್ಯೇಕವಾಗಿಯೇ ವಾರ್ಷಿಕ ವರದಿಯಲ್ಲಿ ಬರುತ್ತದೆ.

ಹಳೆಯ ಮುದ್ರೆಯ ದಾಸ್ತಾನು ಮುಗಿಯುವವರೆಗೆ ಎರಡೂ ಬಗೆಯ ಪೊಟ್ಟಣಗಳು ನಿಮ್ಮ ಕೈ ಸೇರಬಹುದು. ಒಳಗಿನ ಸರಕು ಒಂದೇ.

ಇಂತಿ,
ಆಡಳಿತ ಮಂಡಳಿಯ ಪರವಾಗಿ, ಕಾರ್ಯದರ್ಶಿ